ಸ್ಕ್ಯಾನರ್ ಕಣ್ಣಿಗೆ ಬೆಳ್ಳಿಯೂ ಧೂಳೇ

ಪ್ರಶ್ನೆ: ಅಪ್ಪ 1970ರ ದಶಕದಲ್ಲಿ ಅಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದ ಕಪ್ಪು-ಬಿಳುಪು ನೆಗೆಟಿವ್‌ಗಳು ಮನೆಯಲ್ಲಿವೆ. ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಚಿತ್ರದ ತುಂಬ ಬಿಳಿ ಚುಕ್ಕೆ, ಬಿಳಿ ಎಳೆ. ಧೂಳು ತೆಗೆಯುವ ಆಯ್ಕೆ ಹಾಕಿದರೆ ಬಣ್ಣದ ನೆಗೆಟಿವ್‌ಗಳು ಚೊಕ್ಕಟವಾಗಿ ಬರುತ್ತವೆ, ಕಪ್ಪು-ಬಿಳುಪಿನವು ಇನ್ನಷ್ಟು ಕೆಡುತ್ತವೆ. ಏಕೆ ಹೀಗೆ? ನೀರಿನಲ್ಲಿ ತೊಳೆಯಬಹುದೇ?

ಉತ್ತರ: ಮೊದಲು ಆ ಆಯ್ಕೆಯನ್ನು ತೆಗೆದುಬಿಡಿ. ನಿಮ್ಮ ಸ್ಕ್ಯಾನರ್ ಕೆಟ್ಟಿಲ್ಲ, ಅದಕ್ಕೆ ಒಪ್ಪದ ಕೆಲಸವನ್ನು ಕೊಟ್ಟಿದ್ದೀರಿ, ಅಷ್ಟೆ.

ಸ್ಕ್ಯಾನರ್ ಧೂಳನ್ನು ಗುರುತಿಸುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣದಿಂದ. ಬಣ್ಣದ ನೆಗೆಟಿವ್‌ನಲ್ಲಿ ಚಿತ್ರ ಮೂಡಿರುವುದು ವರ್ಣದ್ರವ್ಯಗಳಿಂದ. ಇನ್‌ಫ್ರಾರೆಡ್ ಅವುಗಳನ್ನು ಸಲೀಸಾಗಿ ದಾಟಿಹೋಗುತ್ತದೆ. ದಾಟಲಾಗದೆ ನಿಂತಲ್ಲೆಲ್ಲ ಧೂಳೋ ಗೀರೋ ಇದೆಯೆಂದು ತಿಳಿದು, ಅಕ್ಕಪಕ್ಕದ ಬಣ್ಣವನ್ನು ಎಳೆದು ಆ ಜಾಗ ಮುಚ್ಚುತ್ತದೆ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಚಿತ್ರವೇ ಬೆಳ್ಳಿಯ ಕಣಗಳದ್ದು. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ. ಹಾಗಾಗಿ ನಿಮ್ಮ ಅಜ್ಜಿಯ ಬಿಳಿ ಸೀರೆ, ಅಂದರೆ ನೆಗೆಟಿವ್‌ನಲ್ಲಿ ಬೆಳ್ಳಿ ದಟ್ಟವಾಗಿರುವ ಜಾಗ, ಯಂತ್ರದ ಲೆಕ್ಕದಲ್ಲಿ ಒಂದು ದೊಡ್ಡ ಧೂಳಿನ ರಾಶಿ! ಇಲ್‌ಫರ್ಡ್ ಎಕ್ಸ್‌ಪಿ2ನಂಥ, ಬಣ್ಣದ ಫಿಲ್ಮ್‌ನ ರಾಸಾಯನಿಕದಲ್ಲೇ ತೊಳೆಯುವ ಕೆಲವು ಕಪ್ಪು-ಬಿಳುಪು ಫಿಲ್ಮ್‌ಗಳಿಗೆ ಮಾತ್ರ ಈ ತೊಂದರೆಯಿಲ್ಲ. ನಿಮ್ಮ ತಂದೆಯವರು ಆ ಚಿತ್ರಗಳನ್ನು ತೆಗೆಯುವಾಗ ಅವಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಇನ್‌ಫ್ರಾರೆಡ್ ಇಲ್ಲದೆ ಬರೀ ಸಾಫ್ಟ್‌ವೇರ್‌ನಿಂದ ಧೂಳು ತೆಗೆಯುವ ಆಯ್ಕೆಯೂ ಇರುತ್ತದೆ. ಅದು ಧೂಳಿನ ಜೊತೆಗೆ ರೆಪ್ಪೆಗೂದಲನ್ನೂ ಒರೆಸಿಹಾಕುತ್ತದೆ, ನಾನಂತೂ ಬಳಸುವುದಿಲ್ಲ.

ಅಲ್ಲಿಗೆ ಧೂಳನ್ನು ಕೈಯಾರೆ, ಸ್ಕ್ಯಾನ್‌ಗೆ ಮುಂಚೆಯೇ ತೆಗೆಯಬೇಕು. ಎಷ್ಟು ಸಣ್ಣ ಧೂಳು ಎಂದು ಕೇಳಿದರೆ, 2400 ಡಿಪಿಐಯಲ್ಲಿ, ಅಂದರೆ ಇಂಚಿಗೆ 2400 ಚುಕ್ಕೆಯಂತೆ ಸ್ಕ್ಯಾನ್ ಮಾಡಿದಾಗ, ಒಂದು ಪಿಕ್ಸೆಲ್ ಎಂದರೆ ಮಿಲಿಮೀಟರ್‌ನ ಸುಮಾರು ನೂರನೇ ಒಂದು ಭಾಗ. ಕಣ್ಣಿಗೆ ಕಂಡೂ ಕಾಣದ ಕಾಲು ಮಿಲಿಮೀಟರ್ ನಾರು ಪರದೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್ ಉದ್ದ ಮಲಗಿರುತ್ತದೆ.

ಚುಕ್ಕೆ ಎಲ್ಲಿಯದೆಂದು ಮೊದಲು ಪತ್ತೆ ಮಾಡಿ. ಬೇರೆ ಬೇರೆ ನೆಗೆಟಿವ್ ಇಟ್ಟರೂ ಅದೇ ಜಾಗದಲ್ಲಿ ಕಾಣಿಸಿದರೆ ಧೂಳಿರುವುದು ಸ್ಕ್ಯಾನರ್ ಗಾಜಿನ ಮೇಲೆ, ಇಲ್ಲವೇ ಮುಚ್ಚಳದ ಒಳಗಿನ ದೀಪದ ಕಿಟಕಿಯಲ್ಲಿ. ಚಿತ್ರದುದ್ದಕ್ಕೂ ನೇರ ಗೆರೆ ಎಳೆದಂತಿದ್ದರೆ, ಗಾಜಿನ ಒಂದು ತುದಿಯಲ್ಲಿ ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುವ ಪಟ್ಟಿಯನ್ನು ಒರೆಸಿ. ಇನ್ನು ಬಿಳಿಯ ಬದಲು ಕಪ್ಪು ಚುಕ್ಕೆ ಕಂಡರೆ ಬ್ರಷ್ ಕೆಳಗಿಡಿ. ಬೆಳಕನ್ನು ತಡೆಯುವ ಧೂಳು ನೆಗೆಟಿವ್‌ನಲ್ಲಿ ಕಪ್ಪಾಗಿ, ಚಿತ್ರದಲ್ಲಿ ಬಿಳಿಯಾಗಿಯೇ ಬರಬೇಕು. ಕಪ್ಪು ಚುಕ್ಕೆ ಎಂದರೆ ಅಲ್ಲಿ ಬೆಳ್ಳಿಯೇ ಇಲ್ಲ: ಫೋಟೋ ತೆಗೆದಾಗಲೇ ಕ್ಯಾಮೆರಾದೊಳಗೆ ಧೂಳು ಕೂತಿತ್ತು, ಅಥವಾ ಬೆಳ್ಳಿಯ ಕಣಗಳಿರುವ ಎಮಲ್ಷನ್ ಪದರದಲ್ಲಿ ಸೂಜಿಮೊನೆಯಷ್ಟು ತೂತಾಗಿದೆ. ಎಷ್ಟು ಉಜ್ಜಿದರೂ ಹೋಗದು.

ಧೂಳಿಗಿಂತ ಅದನ್ನು ಹಿಡಿದಿಡುವ ಸ್ಥಾಯೀ ವಿದ್ಯುತ್ತಿನ ಕಾಟ ಹೆಚ್ಚು. ಒಣಗಾಳಿಯಲ್ಲಿ ಫಿಲ್ಮನ್ನು ಬಟ್ಟೆಯಿಂದ ಉಜ್ಜಿದರೆ, ತೆಗೆದ ಧೂಳಿಗಿಂತ ಅಂಟಿದ ಧೂಳು ಜಾಸ್ತಿಯಾಗುತ್ತದೆ. ಕಲಬುರಗಿಯ ಮಾರ್ಚ್ ತಿಂಗಳಿಗಿಂತ ಮಡಿಕೇರಿಯ ಜುಲೈ ಈ ಕೆಲಸಕ್ಕೆ ವಾಸಿ. ನೆಗೆಟಿವ್ ಇಡುವುದಕ್ಕೆ ಮಾತ್ರ ಅದೇ ಜುಲೈ ಶತ್ರು. ಕಸ ಗುಡಿಸಿದ ಕೂಡಲೇ ಕೂರಬೇಡಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆರಿಸಿ, ಒಂದು ಗಂಟೆ ಬಿಟ್ಟು ಶುರುಮಾಡಿ. ಉಣ್ಣೆಯ ಸ್ವೆಟರ್ ಬೇಡ.

ನೆಗೆಟಿವ್‌ನ ಅಂಚನ್ನಷ್ಟೇ ಹಿಡಿದು ದೀಪದ ಮುಂದೆ ಓರೆಯಾಗಿಸಿ. ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಬ್ಬಾಗಿರುತ್ತದೆ. ಮಬ್ಬಾಗಿರುವುದೇ ಎಮಲ್ಷನ್, ಜೆಲಟಿನ್‌ನ ಆ ಪದರ ಬಲು ಮೃದು. ರಬ್ಬರ್ ಬ್ಲೋವರ್‌ನಿಂದ ಎರಡೂ ಬದಿಗೆ ಗಾಳಿ ಬಿಡಿ, ಉದುರಿದ ಧೂಳು ಕೆಳಗೆ ಬೀಳುವಂತೆ ಫಿಲ್ಮನ್ನು ಲಂಬವಾಗಿ ಹಿಡಿದಿರಿ. ಬಾಯಿಂದ ಊದಿದರೆ ಎಂಜಲಿನ ಹನಿ ಕೂತು ಕಲೆಯಾಗುತ್ತದೆ. ಗಾಳಿಗೆ ಜಗ್ಗದ ಧೂಳಿಗೆ ಸ್ಥಾಯೀ ವಿದ್ಯುತ್ ನಿವಾರಕ ಬ್ರಷ್ಷನ್ನು ಒಂದೇ ದಿಕ್ಕಿನಲ್ಲಿ, ಭಾರ ಹಾಕದೆ ಎಳೆಯಿರಿ. ಅದರ ಕೂದಲಿಗೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಫಿಲ್ಮ್‌ಗೆ ಬರುತ್ತದೆ. ಹತ್ತಿಯ ಕೈಗವಸು ಹಾಕಿಕೊಳ್ಳಿ ಎನ್ನುವವರಿದ್ದಾರೆ. ಅದೇ ನಾರು ಉದುರಿಸುವುದರಿಂದ ತೊಳೆದು ಒಣಗಿಸಿದ ಬರಿಗೈ ಮೇಲೆಂಬುದು ನನ್ನ ಅಭಿಪ್ರಾಯ.

ಹೊಳಪಿನ ಬದಿಯಲ್ಲಿ ಬೆರಳಚ್ಚಿದ್ದರೆ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ನಾರು ಬಿಡದ ಬಟ್ಟೆ ಸಾಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಶೇ 70ರದ್ದು ಬೇಡ, ಉಳಿದದ್ದು ನೀರು. ಅದೇ ಬದಿಯ ಸಣ್ಣ ಗೀರುಗಳಿಗೆ, ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುತ್ತಿದ್ದ ಹಳಬರು ಮೂಗಿನ ಪಕ್ಕದ ಜಿಡ್ಡನ್ನು ಬೆರಳಿನಿಂದ ಸವರುತ್ತಿದ್ದರು. ನಗಬೇಡಿ, ಗೀರು ತುಂಬಿ ಬೆಳಕು ಚದುರುವುದು ನಿಜಕ್ಕೂ ತಪ್ಪುತ್ತಿತ್ತು. ಆದರೆ ಆ ಜಿಡ್ಡಿಗೇ ಮುಂದೆ ಧೂಳು ಮೆತ್ತುತ್ತದೆ, ಹಾಗಾಗಿ ನೀವು ಅನುಸರಿಸಬೇಡಿ.

ಇಷ್ಟೆಲ್ಲ ಮಾಡಿದರೂ ನಾಲ್ಕಾರು ಚುಕ್ಕೆ ಉಳಿದೇ ಉಳಿಯುತ್ತವೆ. 16 ಬಿಟ್ ಗ್ರೇಸ್ಕೇಲ್ ಟಿಫ್ ಕಡತವಾಗಿ ಉಳಿಸಿ, ಅದನ್ನು ಮುಟ್ಟದೆ, ಪ್ರತಿಯಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್‌ನ ಹೀಲಿಂಗ್ ಬ್ರಷ್‌ನಿಂದ ಒಂದೊಂದಾಗಿ ಮುಚ್ಚಿ. ಮುಖದ ಮೇಲಿನವು ಮೊದಲು. ಹಿನ್ನೆಲೆಯ ಗಿಡಗಳ ನಡುವಿನ ಚುಕ್ಕೆಯನ್ನು ಯಾರೂ ಹುಡುಕುವುದಿಲ್ಲ.

ಇನ್ನು ತೊಳೆಯುವ ಮಾತು. ಗಟ್ಟಿಯಾಗಿ ಅಂಟಿದ ಕೊಳೆಗೆ ಅದೊಂದೇ ದಾರಿ ಆಗುವುದುಂಟು. ಬೋರ್‌ವೆಲ್ ನೀರು ಸುಣ್ಣದ ಕಲೆ ಬಿಡುವುದರಿಂದ ಡಿಸ್ಟಿಲ್ಡ್ ನೀರೇ ಬೇಕು. ಅದಕ್ಕೆ, ಹನಿ ನಿಲ್ಲದೆ ನೀರು ಜಾರಿಹೋಗುವಂತೆ ಮಾಡುವ ಕೊಡಕ್ ಫೋಟೋ-ಫ್ಲೋದಂಥ ದ್ರವವನ್ನು 200ಕ್ಕೆ 1ರಂತೆ ಬೆರೆಸಿ, ಕೆಲವು ನಿಮಿಷ ನೆನೆಸಿ, ಗಾಳಿಯಾಡದ ಬಚ್ಚಲುಮನೆಯಲ್ಲಿ ತೂಗುಹಾಕಿ. ಒದ್ದೆ ಎಮಲ್ಷನ್ ಉಗುರು ತಾಗಿದರೂ ಕಿತ್ತುಬರುತ್ತದೆ. ಮೊದಲು ಯಾರಿಗೂ ಬೇಡದ ಒಂದು ನೆಗೆಟಿವ್ ತೊಳೆದು ನೋಡಿ.

ಆದರೆ ಜೇಡರ ಬಲೆಯಂತೆ ಕವಲೊಡೆದ ಗೆರೆಗಳು ಕಂಡರೆ ಅದು ಬೂಷ್ಟು. ಅಂಥ ಫಿಲ್ಮ್‌ಗೆ ನೀರು ಸೋಕಿಸಲೇಬೇಡಿ. ಬೂಷ್ಟು ಜೆಲಟಿನ್ ತಿಂದು ಅದು ನೀರಿನಲ್ಲಿ ಕರಗುವಂತೆ ಮಾಡಿರುತ್ತದೆ, ತೊಳೆದರೆ ಚಿತ್ರವೇ ಹರಿದುಹೋಗಬಹುದು. ಇದ್ದ ಸ್ಥಿತಿಯಲ್ಲೇ ಸ್ಕ್ಯಾನ್ ಮಾಡಿ, ಉಳಿದವುಗಳಿಂದ ಬೇರ್ಪಡಿಸಿ, ಪಿವಿಸಿ ಅಲ್ಲದ ಪಾಲಿಪ್ರೊಪಿಲೀನ್ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಆ ಜೆಲ್ಲನ್ನು ಆಗಾಗ ಬದಲಿಸುತ್ತಿರಿ.