ಹಾರ್ಡ್‌ವಿಕ್ ಹಾಲ್‌ನಲ್ಲಿ ಜಗ್ಗುವುದು ಗಾಜಲ್ಲ, ಸೀಸ

‘ಗಾಜು ಘನವಸ್ತುವಲ್ಲ, ಅತಿ ನಿಧಾನವಾಗಿ ಹರಿಯುವ ದ್ರವ. ಅದಕ್ಕೇ ಹಳೆಯ ಕಿಟಕಿಗಳ ಗಾಜು ಕೆಳಗಡೆ ದಪ್ಪಗಿರುತ್ತದೆ.’ ಈ ಮಾತು ರಸಪ್ರಶ್ನೆಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ, ಕೊನೆಗೆ ಮೇಷ್ಟರ ಬಾಯಲ್ಲೂ ಬದುಕಿಕೊಂಡೇ ಇದೆ. ಇದು ತಪ್ಪು. ಎಷ್ಟು ತಪ್ಪು ಎಂಬುದನ್ನು ನೋಡಲು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್‌ಗಿಂತ ಒಳ್ಳೆಯ ಮನೆ ಸಿಗಲಾರದು.

ಅದನ್ನು ಕಟ್ಟಿಸಿದವಳು ಬೆಸ್ ಆಫ್ ಹಾರ್ಡ್‌ವಿಕ್, ಶ್ರೂಸ್‌ಬರಿಯ ಕೌಂಟೆಸ್. ನಾಲ್ಕು ಮದುವೆಗಳು ತಂದ ಆಸ್ತಿಯಿಂದ ದೇಶದ ಅತಿ ಶ್ರೀಮಂತ ಹೆಂಗಸರಲ್ಲಿ ಒಬ್ಬಳಾಗಿದ್ದಳು. 1590ರಲ್ಲಿ ಕೆಲಸ ಶುರುವಾಯಿತು. 1597ರ ಅಕ್ಟೋಬರಿನಲ್ಲಿ, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ ಆಕೆ ಗೃಹಪ್ರವೇಶ ಮಾಡಿದಳು. ಮಹಡಿಯಿಂದ ಮಹಡಿಗೆ ಕಿಟಕಿಗಳು ಎತ್ತರವಾಗುತ್ತ ಹೋಗುತ್ತವೆ. ಅತಿ ಎತ್ತರದವು ಇರುವುದು ಗಣ್ಯರನ್ನು ಬರಮಾಡಿಕೊಳ್ಳುವ ಮೇಲಿನ ಮಹಡಿಯಲ್ಲಿ. ಆರು ಗೋಪುರಗಳ ನೆತ್ತಿಯ ಮೇಲೆ, ಬಹುದೂರಕ್ಕೂ ಕಾಣುವಂತೆ, ಎಲಿಜಬೆತ್ ಶ್ರೂಸ್‌ಬರಿ ಎಂಬ ಅವಳ ಪೂರ್ಣ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ‘ಗೋಡೆಗಿಂತ ಗಾಜೇ ಹೆಚ್ಚು’ ಎಂದು ಆ ಸೀಮೆಯ ಜನ ಪ್ರಾಸ ಕಟ್ಟಿ ಆಡಿಕೊಂಡರು.

ಆ ಕಾಲದಲ್ಲಿ ಗಾಜು ದುಬಾರಿ ಸರಕು. ಬೆಸ್‌ಗೆ ಸ್ವಂತ ಗಾಜಿನ ಕುಲುಮೆಯೇ ಇತ್ತು, ನಿಜ. ಆದರೆ ಗಾಜು ಭಾರ ಹೊರುವುದಿಲ್ಲ. ಹೊರಗೋಡೆಯ ತುಂಬ ಕಿಟಕಿ ಕೊರೆದರೆ ಮನೆ ನಿಲ್ಲುವುದು ಹೇಗೆ? ವಿನ್ಯಾಸಕಾರನೆಂದು ಪರಿಗಣಿಸಲಾಗಿರುವ ರಾಬರ್ಟ್ ಸ್ಮಿತ್ಸನ್‌ನ ಉತ್ತರ ನನಗೆ ಬಹಳ ಪ್ರಿಯವಾದದ್ದು: ಅಗ್ಗಿಷ್ಟಿಕೆಗಳನ್ನೂ ಹೊಗೆಗೂಡುಗಳನ್ನೂ ಹೆಚ್ಚಾಗಿ ಒಳಗೋಡೆಗಳಿಗೆ ಸರಿಸಿದರೆ ಹೊರಗೋಡೆ ಬೆಳಕಿಗೆ ಬಿಡುವಾಗುತ್ತದೆ. ನಡುಮನೆಯನ್ನೂ ಆತ ತಿರುಗಿಸಿ, ಮುಂಬಾಗಿಲಿನಿಂದ ನೇರ ಒಳಕ್ಕೆ ಸಾಗುವಂತೆ ಇಟ್ಟ. ಅಲ್ಲಿಯವರೆಗೆ ಅದು ಮನೆಯ ಮುಖಕ್ಕೆ ಸಮಾನಾಂತರವಾಗಿ ಮಲಗಿರುತ್ತಿತ್ತು. ಹೊರಗಿನ ಸಮತೋಲನ ಕೆಡಬಾರದೆಂದು ಕೆಲವು ಹುಸಿ ಕಿಟಕಿಗಳೂ ಇವೆ. ಗಾಜಿನ ಹಿಂದೆ ಇರುವುದು ಬರೀ ಗೋಡೆ.

ಈಗ ದಪ್ಪದ ವಿಷಯ. ಆಗಿನ ಕಿಟಕಿ ಗಾಜನ್ನು ಹೀಗೆ ಮಾಡುತ್ತಿದ್ದರು: ಕೊಳವೆಯ ತುದಿಯಲ್ಲಿ ಕರಗಿದ ಗಾಜಿನ ಮುದ್ದೆ ಹಿಡಿದು ಊದಿ ಉದ್ದನೆಯ ಉರುಳೆ ಮಾಡುವುದು, ಅದರ ಎರಡೂ ತುದಿ ಕತ್ತರಿಸಿ ಉದ್ದಕ್ಕೆ ಸೀಳುವುದು, ಮತ್ತೆ ಕಾಯಿಸಿ ಹಾಳೆಯಂತೆ ಬಿಡಿಸುವುದು. ಬಾಯಿಂದ ಊದಿದ ಗಾಜು ಒಂದೇ ದಪ್ಪಕ್ಕೆ ಬರುವುದು ಅಸಾಧ್ಯ. ಅದು ಹುಟ್ಟುವಾಗಲೇ ಉಬ್ಬುತಗ್ಗು. ಅಲ್ಲದೆ ಮೇಲ್ಭಾಗವೇ ದಪ್ಪಗಿರುವ ಹಳೆಯ ಗಾಜುಗಳೂ ಇವೆ. ಗಾಜು ಹರಿಯುವುದಾದರೆ ಅವು ಮೇಲಕ್ಕೆ ಹರಿದವೇ? ರೋಮನ್ನರ ಕಾಲದ ಗಾಜಿನ ಹೂಜಿಗಳು ಇಂದಿಗೂ ಸೊಟ್ಟಗಾಗದೆ ವಸ್ತುಸಂಗ್ರಹಾಲಯಗಳಲ್ಲಿ ನಿಂತಿವೆಯಲ್ಲ!

ಗೊಂದಲ ಹುಟ್ಟಿದ್ದು ಗಾಜಿನ ಒಳರಚನೆಯಿಂದ. ಉಪ್ಪಿನ ಹರಳಿನಲ್ಲಿರುವಂತೆ ಇಲ್ಲಿ ಪರಮಾಣುಗಳು ಸಾಲುಸಾಲಾಗಿ ಜೋಡಣೆಗೊಂಡಿಲ್ಲ, ದ್ರವದಲ್ಲಿರುವಂತೆ ಅಡ್ಡಾದಿಡ್ಡಿಯಾಗಿವೆ. ಆದರೆ ಕ್ರಮವಿಲ್ಲ ಎಂದ ಮಾತ್ರಕ್ಕೆ ಚಲನೆ ಇದೆ ಎಂದರ್ಥವಲ್ಲ. ಹಬ್ಬದ ಹಿಂದಿನ ರಾತ್ರಿಯ ಬಸ್ಸಿನಲ್ಲಿ ಯಾರೂ ಸಾಲಾಗಿ ನಿಂತಿರುವುದಿಲ್ಲ, ಆದರೂ ಒಬ್ಬರೂ ಒಂದಿಂಚು ಅಲುಗಾಡಲಾರರು. ತಣಿದ ಗಾಜಿನ ಪರಮಾಣುಗಳ ಸ್ಥಿತಿ ಅದೇ. ಮಧ್ಯಯುಗದ ಗಾಜಿನದೇ ಸಂಯೋಜನೆಯ ಗಾಜನ್ನು ತಯಾರಿಸಿ ಅದರ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ತಡೆಯನ್ನು, ಅಂದಾಜಿಸಿದ ಸಂಶೋಧಕರು 2017ರಲ್ಲಿ ಹೇಳಿದ್ದು: ನೂರು ಕೋಟಿ ವರ್ಷಗಳಲ್ಲಿ ಅದು ಹರಿಯುವುದು ಹೆಚ್ಚೆಂದರೆ ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಹಾರ್ಡ್‌ವಿಕ್‌ಗೆ ಇನ್ನೂ ಐನೂರು ವರ್ಷವೂ ತುಂಬಿಲ್ಲ.

ಹಾಗಾದರೆ ಹಳೆಯ ಕಿಟಕಿಗಳು ಹೊಟ್ಟೆ ಬಿಟ್ಟುಕೊಂಡು ಬಾಗಿರುವುದು ಸುಳ್ಳೇ? ಅಲ್ಲ, ಅದು ನಿಜ. ಹತ್ತಿರ ಹೋಗಿ ನೋಡಿದರೆ ಅಂಥ ಕಿಟಕಿ ಒಂದೇ ಹಾಳೆಯಲ್ಲ. ಅಂಗೈಯಗಲದ ಚಿಕ್ಕ ಚಿಕ್ಕ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳ ತೋಡುಗಳಲ್ಲಿ ಕೂರಿಸಿ, ಕೂಡುವಲ್ಲೆಲ್ಲ ಬೆಸುಗೆ ಹಾಕಿದ ಜಾಲರಿ ಅದು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಸುಮಾರು 600 ಕೆಲ್ವಿನ್‌ನಲ್ಲಿ (ಕೆಲ್ವಿನ್ ಎಂದರೆ ಸಾಧ್ಯವಿರುವ ಅತಿ ಕನಿಷ್ಠ ಉಷ್ಣತೆಯಿಂದ ಎಣಿಸುವ ಮಾನ). ನಮ್ಮ ಕೋಣೆಯ ಉಷ್ಣತೆ ಸುಮಾರು 300 ಕೆಲ್ವಿನ್, ಹೆಚ್ಚುಕಡಿಮೆ ಅರ್ಧ ದಾರಿ. ಅಷ್ಟು ಬಿಸಿಯಲ್ಲಿ ಲೋಹದ ಹರಳುಗಳೊಳಗಿನ ದೋಷಗಳು, ಅಂದರೆ ಪರಮಾಣುಗಳ ಜೋಡಣೆ ತಪ್ಪಿದ ಜಾಗಗಳು, ಜರುಗತೊಡಗುತ್ತವೆ. ಸಣ್ಣ ಭಾರವೂ ಸತತವಾಗಿ ಬಿದ್ದರೆ ಸಾಕು, ಲೋಹ ನಿಧಾನವಾಗಿ ಜಗ್ಗುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಗಾಜಿನ ಭಾರ, ಗಾಳಿಯ ಒತ್ತಡ, ಬಿಸಿಲು ಚಳಿಗಳ ಹಿಗ್ಗು ಕುಗ್ಗು ಎಲ್ಲವನ್ನೂ ತಾಳುತ್ತ ಸೀಸದ ಜಾಲರಿ ಬಾಗುತ್ತದೆ. ಪರಮಾಣುಗಳು ಶಿಸ್ತಾಗಿ ಜೋಡಿಸಿಕೊಂಡಿರುವ ಅಪ್ಪಟ ಘನವಸ್ತು ಜಗ್ಗುತ್ತದೆ, ದ್ರವವೆಂದು ಹೆಸರು ಕೆಡಿಸಿಕೊಂಡ ಗಾಜು ಕದಲುವುದಿಲ್ಲ!

ಗಾಜಿಗೆ ನಿಜವಾದ ಶತ್ರು ನೀರು. ಇಂಗ್ಲೆಂಡಿನ ಹಳೆಯ ಕುಲುಮೆಗಳು ಮರದ, ಜರೀಗಿಡದ ಬೂದಿಯಿಂದ ಗಾಜಿಗೆ ಬೇಕಾದ ಪೊಟ್ಯಾಷ್ ಎಂಬ ಪೊಟ್ಯಾಸಿಯಂ ಲವಣ ಪಡೆಯುತ್ತಿದ್ದವು. ಮಳೆನೀರು ಆ ಪೊಟ್ಯಾಸಿಯಂ ಅನ್ನು ಹೊರಗೆಳೆದು ಗಾಜಿನ ಮೈಯನ್ನು ಮಂಕಾಗಿಸುತ್ತದೆ. ಬಾಗಿದ ಕಿಟಕಿಗೆ ಮಾತ್ರ ಚಿಕಿತ್ಸೆ ಸರಳ. ಕುಶಲಕರ್ಮಿಗಳು ಜಾಲರಿಯನ್ನು ಕೆಳಗಿಳಿಸಿ, ದಣಿದ ಸೀಸವನ್ನು ಬಿಚ್ಚಿ ತೆಗೆದು, ಅದೇ ಹಳೆಯ ಗಾಜಿನ ತುಂಡುಗಳನ್ನು ಹೊಸ ಸೀಸದಲ್ಲಿ ಕೂರಿಸುತ್ತಾರೆ.