ಮಾಘ ಮೇಳದ ಅಧ್ಯಯನ: ಜನಜಂಗುಳಿಯಿಂದ ಆರೋಗ್ಯ ಸುಧಾರಿಸುತ್ತದಾ?

ಜನ ಸೇರಿದ ಕಡೆ ರೋಗ, ನೂಕುನುಗ್ಗಲು, ತಲೆನೋವು. ಸಾರ್ವಜನಿಕ ಆರೋಗ್ಯದ ಪಾಠಗಳಲ್ಲಿ ನಾವು ಹೆಚ್ಚಾಗಿ ಓದುವುದು ಇದನ್ನೇ. ಅದು ಸುಳ್ಳೇನಲ್ಲ. 1867ರ ಹರಿದ್ವಾರ ಕುಂಭಮೇಳದಿಂದ ಊರಿಗೆ ಮರಳಿದವರ ಜೊತೆ ಕಾಲರಾ ಕೂಡ ಉತ್ತರ ಭಾರತದಲ್ಲಿ ಹರಡಿತು. ಹಜ್‌ಗೆ ಹೋಗುವವರು ಇವತ್ತಿಗೂ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಲಸಿಕೆ ಹಾಕಿಸಿಕೊಂಡೇ ಹೋಗಬೇಕು.

ಆದರೆ ಹೋಗಿ ಬಂದವರು ಮೊದಲಿಗಿಂತ ಚೆನ್ನಾಗಿರುವುದೂ ಉಂಟಾ? 2012ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿದ್ದು ಇದನ್ನೇ. ಅಲಹಾಬಾದಿನ ನಾರಾಯಣನ್ ಶ್ರೀನಿವಾಸನ್, ಬ್ರಿಟನ್ನಿನ ಸ್ಟೀಫನ್ ರೈಚರ್, ನಿಕ್ ಹಾಪ್ಕಿನ್ಸ್ ಮುಂತಾದ ಮನಶ್ಶಾಸ್ತ್ರದ ಸಂಶೋಧಕರು ಸೇರಿ ಮಾಡಿದ್ದು. ಜಾಗ ಅಲಹಾಬಾದಿನ, ಅಂದರೆ ಈಗಿನ ಪ್ರಯಾಗರಾಜ್‌ನ ಮಾಘ ಮೇಳ, ವರ್ಷವೂ ಚಳಿಗಾಲದಲ್ಲಿ ನಡೆಯುವ ಪುಣ್ಯಸ್ನಾನದ ಜಾತ್ರೆ.

ಅಲ್ಲಿ ತಿಂಗಳಿಡೀ ಉಳಿಯುವವರನ್ನು ಕಲ್ಪವಾಸಿಗಳು ಅನ್ನುತ್ತಾರೆ. ನದಿಯ ದಂಡೆಯಲ್ಲಿ ಡೇರೆ, ಜನವರಿಯ ಚಳಿಯಲ್ಲಿ ನಸುಕಿಗೇ ಎದ್ದು ಗಂಗೆಯಲ್ಲಿ ಸ್ನಾನ, ದಿನಕ್ಕೆ ಒಂದೇ ಊಟ, ನೆಲದ ಮೇಲೆ ನಿದ್ದೆ. ಮೈಕುಗಳ ಗದ್ದಲ ಹಗಲೂ ರಾತ್ರಿ. ಇವರಲ್ಲಿ ವಯಸ್ಸಾದವರೇ ಜಾಸ್ತಿ. ಇಷ್ಟೆಲ್ಲ ಆದ ಮೇಲೆ ಹಾಸಿಗೆ ಹಿಡಿಯಬೇಕಿತ್ತು, ಅಲ್ವಾ?

ಮೇಳಕ್ಕೆ ಒಂದು ತಿಂಗಳು ಮೊದಲು ಮತ್ತು ಮುಗಿದ ಒಂದು ತಿಂಗಳ ಮೇಲೆ 416 ಯಾತ್ರಿಕರನ್ನು ಮಾತಾಡಿಸಿದರು. ಮೈಕೈ ನೋವು, ಆರೋಗ್ಯ, ಮನಸ್ಸಿನ ನೆಮ್ಮದಿ ಹೇಗಿದೆ ಎಂದು ಕೇಳಿದರು. ಮೇಳಕ್ಕೆ ಹೋಗದ 127 ಜನರನ್ನೂ ಹಾಗೆಯೇ ಕೇಳಿದರು. ಹೋಗದವರಿಗೆ ಹೋಲಿಸಿದರೆ ಹೋಗಿ ಬಂದವರ ಸ್ಥಿತಿ ಸುಧಾರಿಸಿತ್ತು.

ಆ 127 ಜನರನ್ನು ಸುಮ್ನೆ ಸೇರಿಸಿದ್ದಲ್ಲ. ಚಳಿ ಇಳಿದರೆ ಮನೆಯಲ್ಲೇ ಕೂತ ಮುದುಕರಿಗೂ ಕೀಲುನೋವು ಕಡಿಮೆಯಾಗಬಹುದು. ಹಾಗಿದ್ದರೆ ಮೇಳಕ್ಕೆ ಪುಣ್ಯ ಕಟ್ಟುವುದು ತಪ್ಪು. ಅದನ್ನು ಹಿಡಿಯಲಿಕ್ಕೇ ಕಂಟ್ರೋಲ್ ಗುಂಪು, ಅಂದರೆ ಹೋಲಿಸಿ ನೋಡಲು ಇಟ್ಟುಕೊಂಡ ಗುಂಪು. ಒಂದು ತಿಂಗಳು ಬಿಟ್ಟು ಕೇಳಿದ್ದಕ್ಕೂ ಕಾರಣವಿದೆ. ಯಾತ್ರೆಯ ಖುಷಿ ಅಷ್ಟರಲ್ಲಿ ಇಳಿದಿರುತ್ತದೆ. ಆದರೂ ಇಲ್ಲಿ ಸಡಿಲ ಜಾಗಗಳಿವೆ. ಚೀಟಿ ಎತ್ತಿ ಯಾರನ್ನೂ ಮೇಳಕ್ಕೆ ಕಳಿಸಿಲ್ಲ, ಹೋಗಬೇಕು ಅನ್ನಿಸಿದವರು ಹೋದರು. ಆರೋಗ್ಯ ಹೇಗಿದೆ ಎಂದು ಹೇಳಿದ್ದೂ ಅವರೇ, ಡಾಕ್ಟರಲ್ಲ. ಹಾಗಾಗಿ 'ಜಾತ್ರೆಗೆ ಹೋದರೆ ಕಾಯಿಲೆ ವಾಸಿ' ಎಂದು ಯಾರಾದರೂ ಇದನ್ನು ಹಂಚಿಕೊಂಡರೆ ನಂಬಬೇಡಿ.

ಕಾರಣ ಏನು ಎಂಬುದು ಇನ್ನೂ ಸ್ವಾರಸ್ಯ. ಇದೇ ಬಳಗ ಮುಂದೆ ಮಾಡಿದ ಕೆಲಸಗಳಲ್ಲಿ, ಸುತ್ತಲಿನವರು 'ನಮ್ಮವರು' ಅನ್ನಿಸುವುದೇ ದೊಡ್ಡ ಸಂಗತಿಯಾಗಿ ಕಂಡಿತು. ಹಾಗೆ ಅನ್ನಿಸಿದಾಗ ಪಕ್ಕದ ಡೇರೆಯವರು ನೆರವಿಗೆ ಬರುತ್ತಾರೆ ಎಂಬ ಧೈರ್ಯ ಬರುತ್ತದೆ. ಒಂದು ಪ್ರಯೋಗದಲ್ಲಿ ಏನೆಂದು ಸರಿಯಾಗಿ ತಿಳಿಯದ ಗದ್ದಲವನ್ನು ಕೇಳಿಸಿದರು. ಕೆಲವರಿಗೆ ಅದು ಮೇಳದ್ದು ಎಂದರು, ಕೆಲವರಿಗೆ ಪೇಟೆ ಬೀದಿಯದ್ದು ಎಂದರು. ಮೇಳದ್ದು ಎಂದುಕೊಂಡವರು ಜಾಸ್ತಿ ಹೊತ್ತು ಕೇಳಿದರು. ಶಬ್ದ ಒಂದೇ!

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತ್ರ ಓದಿದಂತೆ. ಹಜ್ ಯಾತ್ರಿಕರ ಮೇಲಿನ 2014ರ ಅಧ್ಯಯನ ನೋಡಿ. ದಟ್ಟಣೆ ಏರಿದಂತೆ ಸಾಮಾನ್ಯವಾಗಿ ಸುರಕ್ಷಿತ ಎಂಬ ಭಾವ ಇಳಿಯುತ್ತದೆ. ಆದರೆ ಗುಂಪನ್ನು ತಮ್ಮದು ಎಂದುಕೊಂಡವರಿಗೆ ಆ ಭಾವ ಇಳಿಯಲಿಲ್ಲ, ಏರಿತು. ನನಗೆ ಇದು ಸಮಾಧಾನಕ್ಕಿಂತ ಭಯ ಹುಟ್ಟಿಸಿದ ಫಲಿತಾಂಶ. ಚದರ ಮೀಟರಿಗೆ ಆರೇಳು ಜನ ಸೇರಿದರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಗುಂಪು ತಳ್ಳಿದ ಕಡೆ ಹೋಗಬೇಕು. ಎದೆ ಹಿಗ್ಗಲು ಜಾಗವಿಲ್ಲದೆ ನಿಂತಲ್ಲೇ ಉಸಿರು ಕಟ್ಟುತ್ತದೆ. ಇಂಥ ಅವಘಡಗಳಲ್ಲಿ ತುಳಿತಕ್ಕಿಂತ ಹೆಚ್ಚಾಗಿ ಜೀವ ತೆಗೆಯುವುದು ಇದೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದವರು ಒಂದೇ ತಂಡದ ಅಭಿಮಾನಿಗಳು. 11 ಜನ ತೀರಿಕೊಂಡರು.

ಹಿಂದಿದ್ದವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ, ಅವರು ಒತ್ತುತ್ತಲೇ ಇರುತ್ತಾರೆ. ಅದಕ್ಕೇ ಗೇಟಿಗೆ ಬಹಳ ಮೊದಲೇ ಜನರನ್ನು ತಡೆದು, ಸ್ವಲ್ಪಸ್ವಲ್ಪವೇ ಬಿಡುವ ಕೆಲಸ ವ್ಯವಸ್ಥಾಪಕರದ್ದು. ಅದನ್ನು ಜನರ ಸಹನೆಗೆ ಬಿಡಲಾಗದು.