ಹಗಲಲ್ಲಿ ಕೆರೆಯ ನೀರು ನುಣ್ಣಗೆ ಕಾಣಬೇಕಾದರೆ ಯಾವ ಎನ್‌ಡಿ ಫಿಲ್ಟರ್?

ಓದುಗರ ಪ್ರಶ್ನೆ: ಹುಬ್ಬಳ್ಳಿಯ ಉಣಕಲ್ ಕೆರೆಯ ನೀರು ಕನ್ನಡಿಯಂತೆ ನುಣ್ಣಗೆ ಬರಲಿ ಅಂತ 20 ಸೆಕೆಂಡ್ ಶಟರ್ ಇಟ್ಟೆ. ಲೆನ್ಸ್ ತೂತನ್ನು ಎಫ್ 22ಕ್ಕೆ ಕಿರಿದು ಮಾಡಿದರೂ ಫೋಟೋ ಪೂರ್ತಿ ಬೆಳ್ಳಗಾಯಿತು. ಎನ್‌ಡಿ ಫಿಲ್ಟರ್ ತಗೊಳ್ಳಲೇಬೇಕಾ? ಎಷ್ಟರದ್ದು?

ಹಗಲಲ್ಲೇ ತೆಗೆಯಬೇಕೆಂದರೆ ತಗೊಳ್ಳಲೇಬೇಕು. ಎನ್‌ಡಿ ಅಂದರೆ ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜು, ಒಳಗೆ ಬರುವ ಬೆಳಕನ್ನು ತಗ್ಗಿಸುತ್ತದೆ. ನಿಮ್ಮ ಕೆರೆಗೆ ಎನ್‌ಡಿ 1000, ಅಂದರೆ ಹತ್ತು ಸ್ಟಾಪ್‌ನದ್ದು. ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಮೋಡ ಮುಸುಕಿದ ಸಂಜೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ 11 ಇಟ್ಟರೆ ಶಟರ್ ಸುಮಾರು 1/60 ಬರುತ್ತದೆ ಅಂದುಕೊಳ್ಳಿ. ಎಫ್ 22ಕ್ಕೆ ಹೋದರೆ ಕಡಿಮೆಯಾಗುವುದು ಎರಡೇ ಸ್ಟಾಪ್. ಶಟರ್ 1/15ಕ್ಕೆ ಬಂತು, ಅಷ್ಟೇ. ನೀವು ತೆರೆದಿಟ್ಟಿದ್ದು 20 ಸೆಕೆಂಡ್. ಬೇಕಾದ್ದಕ್ಕಿಂತ 300 ಪಟ್ಟು ಬೆಳಕು ಒಳಗೆ ಬಂದಿದೆ! ಬೆಳ್ಳಗಾಗದೆ ಇನ್ನೇನಾಗುತ್ತದೆ ಹೇಳಿ? ಜೊತೆಗೆ ಎಫ್ 22ರಲ್ಲಿ ಚಿತ್ರದ ಚುರುಕೂ ಮಂಕಾಗುತ್ತದೆ.

ಫಿಲ್ಟರ್ ಮೇಲಿನ ಸಂಖ್ಯೆಯೇ ಲೆಕ್ಕ ಹೇಳುತ್ತದೆ. ಎನ್‌ಡಿ 64 ಹಾಕಿದರೆ ಶಟರ್ ಸಮಯವನ್ನು 64ರಿಂದ ಗುಣಿಸಿ: 1/60 ಹೋಗಿ ಒಂದು ಸೆಕೆಂಡ್. ಎನ್‌ಡಿ 1000ದಲ್ಲಿ ಅದೇ 1/60 ಸುಮಾರು 17 ಸೆಕೆಂಡ್. ಕೆಲವು ಫಿಲ್ಟರ್ ಮೇಲೆ 3.0 ಅಂತ ಇರುತ್ತದೆ. ಅದನ್ನು ನೋಡಿ ಮೂರು ಸ್ಟಾಪ್ ಅಂದುಕೊಳ್ಳಬೇಡಿ, ಅಲ್ಲಿ 0.3ಕ್ಕೆ ಒಂದು ಸ್ಟಾಪ್. ಹಾಗಾಗಿ 3.0 ಅಂದರೂ ಹತ್ತೇ.

ಆದರೆ ಎಲ್ಲ ನೀರಿಗೂ ಹತ್ತು ಸ್ಟಾಪ್ ಬೇಡ. ಕೆರೆಯಲ್ಲಿ ನೀರು ಹರಿಯುವುದಿಲ್ಲ, ಗಾಳಿಗೆ ಸಣ್ಣ ಅಲೆ ಏಳುತ್ತದೆ. ಅವೆಲ್ಲ ಒಂದರಲ್ಲೊಂದು ಬೆರೆತು ನುಣ್ಣಗಾಗಲು ಹದಿನೈದು-ಇಪ್ಪತ್ತು ಸೆಕೆಂಡ್ ಆದರೂ ಬೇಕು. ಹಾವೇರಿ ಕಡೆ ಗಳಗನಾಥಕ್ಕೆ ಹೋಗಿ, ಮಳೆಗಾಲದಲ್ಲಿ ವರದಾ ಬಂದು ತುಂಗಭದ್ರೆಗೆ ಸೇರುವಲ್ಲಿ ನಿಂತು ನೋಡಿ. ಅಲ್ಲಿ ನೀರಿಗೆ ಓಟವಿದೆ. ಅರ್ಧದಿಂದ ಒಂದು ಸೆಕೆಂಡಿನಲ್ಲಿ ಆ ಓಟ ಎಳೆ ಎಳೆಯಾಗಿ ಉಳಿಯುತ್ತದೆ. 20 ಸೆಕೆಂಡ್ ಇಟ್ಟರೆ ಎಳೆಗಳೆಲ್ಲ ಅಳಿಸಿ ಸುಮ್ನೆ ಬಿಳಿ ಬಟ್ಟೆ ಹಾಸಿದಂತಾಗುತ್ತದೆ. ನನಗೆ ಅದು ಇಷ್ಟವಿಲ್ಲ, ನದಿ ನದಿಯಂತೆಯೇ ಕಾಣಬೇಕು. ಅಲ್ಲಿಗೆ ಎನ್‌ಡಿ 64 ಸಾಕು. ಕಪ್ಪತಗುಡ್ಡದ ಮೇಲೆ ಓಡುವ ಮೋಡಕ್ಕೆ ನಿಮಿಷವೇ ಬೇಕಾಗಬಹುದು. 30 ಸೆಕೆಂಡ್ ದಾಟಿದರೆ ಬಲ್ಬ್ ಮೋಡ್ (ಗುಂಡಿ ಒತ್ತಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ), ಜೊತೆಗೊಂದು ರಿಮೋಟ್.

ಕೆರೆ ದಂಡೆಯಲ್ಲಿ ಕೆಲಸದ ಕ್ರಮ ತಪ್ಪಬಾರದು. ಮೊದಲು ಟ್ರೈಪಾಡ್ ಗಟ್ಟಿ ನೆಲದ ಮೇಲೆ ಇಡಿ. ನೀರಿನ ನಡುವಿನ ವಿವೇಕಾನಂದರ ಪ್ರತಿಮೆಗೆ ಫೋಕಸ್ ಮಾಡಿ, ಆಮೇಲೆ ಮ್ಯಾನ್ಯುಯಲ್‌ಗೆ ಬದಲಿಸಿ. ಶಟರ್ ಎಷ್ಟು ಬರುತ್ತದೆ ನೋಡಿಕೊಂಡು, ಅದನ್ನು ಫಿಲ್ಟರ್ ಸಂಖ್ಯೆಯಿಂದ ಗುಣಿಸಿ ಇಟ್ಟು, ಕೊನೆಗೆ ಫಿಲ್ಟರ್ ತಿರುಗಿಸಿ ಹಾಕಿ. ಮೊದಲೇ ಹಾಕಿದರೆ ಆ ಕಪ್ಪಿನಲ್ಲಿ ಆಟೋ ಫೋಕಸ್ ತಡಕಾಡುತ್ತದೆ. ಬಣ್ಣ ಸ್ವಲ್ಪ ವಾಲಬಹುದು, ಆದ್ದರಿಂದ ಆಮೇಲೆ ಸರಿಪಡಿಸಿಕೊಳ್ಳಲು ರಾ ಫೈಲ್‌ನಲ್ಲೇ ತೆಗೆಯಿರಿ. ಎಷ್ಟೇ ಕಪ್ಪಿದ್ದರೂ ಈ ಫಿಲ್ಟರ್ ಹಾಕಿದ ಡಿಎಸ್‌ಎಲ್‌ಆರ್ ಕ್ಯಾಮೆರಾದ ಕಣ್ಣಿಡುವ ಕಂಡಿಯಿಂದ ಸೂರ್ಯನನ್ನು ಮಾತ್ರ ನೋಡಬೇಡಿ, ಕಣ್ಣು ಹಾಳಾಗುತ್ತದೆ.

ಕೊಳ್ಳುವಾಗ ನಿಮ್ಮ ಲೆನ್ಸ್‌ಗಳಲ್ಲಿ ದೊಡ್ಡದು ಯಾವುದೋ ಅದರ ಅಳತೆಯದ್ದೇ ತಗೊಳ್ಳಿ. ಸಣ್ಣ ಲೆನ್ಸ್‌ಗೆ ಅದನ್ನು ಕೂರಿಸಲು ಸ್ಟೆಪ್-ಅಪ್ ರಿಂಗ್ ಸಾಕು. ತಿರುಗಿಸಿ ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ವಿಡಿಯೋಗೆ ಚೆನ್ನ. ವೈಡ್ ಲೆನ್ಸ್‌ನಲ್ಲಿ ಅದನ್ನು ಪೂರ್ತಿ ತಿರುಗಿಸಿದರೆ ಆಕಾಶದ ಮೇಲೆ ಕಪ್ಪು ಅಡ್ಡಗೆರೆ ಮೂಡುತ್ತದೆ.

ನನ್ನ ಮೊದಲ ಫೋಟೋಗಳಲ್ಲೂ ಒಂದು ಗೆರೆ ಬರುತ್ತಿತ್ತು, ನೀರಿನ ನಟ್ಟ ನಡುವೆ, ತಿಳಿ ನೇರಳೆ ಬಣ್ಣದ್ದು. ಫಿಲ್ಟರೇ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಆ ಬೆಳಿಗ್ಗೆ ಸೂರ್ಯ ನನ್ನ ಬೆನ್ನ ಹಿಂದಿದ್ದ. ಅಷ್ಟು ಹೊತ್ತು ಶಟರ್ ತೆರೆದಿದ್ದಾಗ ಡಿಎಸ್‌ಎಲ್‌ಆರ್‌ನ ಕಣ್ಣಿಡುವ ಕಂಡಿಯಿಂದಲೇ ಬೆಳಕು ಒಳಗೆ ನುಸುಳುತ್ತಿತ್ತು. ಕರವಸ್ತ್ರ ಮಡಚಿ ಕಂಡಿ ಮುಚ್ಚಿ ಮತ್ತೆ 17 ಸೆಕೆಂಡ್ ಕಾದೆ. ಗೆರೆ ಇರಲಿಲ್ಲ. ನಿಮ್ಮದು ಮಿರರ್‌ಲೆಸ್ ಕ್ಯಾಮೆರಾ ಆದರೆ ಕಂಡಿಯಿಂದ ಬೆಳಕು ನುಸುಳುವುದಿಲ್ಲ, ಕರವಸ್ತ್ರ ಬೇಕಾಗುವುದಿಲ್ಲ.